ಕಾಕಾ ಮಾಡಿದ ಎರಡು ನಾಬಿನ ಡಬ್ಬಿ

ಮಿಕ್ಸಿಯ ವೈರು ಬುಡದಲ್ಲೇ ಕಿತ್ತುಬಂದಿತ್ತು. ಹೋದ ವಾರ ವಡೋದರಾದ ನಮ್ಮ ಮನೆಯ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಕಾದ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿದ್ದೇ ತಡ, ಒಂದೆಳೆ ಹೊಗೆ ಎದ್ದು ನೇರ ನನ್ನ ಮೂಗಿಗೇ ಬಂತು. ಬೆಸುಗೆಯ ವಾಸನೆ. ಧೂಪದ್ದೂ ಅಲ್ಲ, ಸುಟ್ಟ ಬೆಲ್ಲದ್ದೂ ಅಲ್ಲ, ಎರಡರ ನಡುವಿನದು. ಅಂಗಡಿಯವನು "ಬೆನ್, ಹತ್ತು ನಿಮಿಷ" ಎಂದ, ಬೆನ್ ಎಂದರೆ ಇಲ್ಲಿ ಅಕ್ಕ. ನಾನು ಸ್ಟೂಲಿನ ಮೇಲೆ ಕೂತೆ. ಕೂತವಳು ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿಗೆ ಹೋಗಿಬಿಟ್ಟಿದ್ದೆ, ಮೇಲಿನ ಮನೆಯ ಕಾಕಾನ ಬಾಲ್ಕನಿಗೆ... ಮಿಕ್ಸಿ ಸಿದ್ಧವಾಗಿದೆ ಎಂದು ಅವನು ಮೂರು ಸಲ ಹೇಳಿದ ಮೇಲೆಯೇ ನನಗೆ ಕೇಳಿಸಿದ್ದು.

ಕಾಕಾ ಎಂದರೆ ನನ್ನ ಸ್ವಂತ ಚಿಕ್ಕಪ್ಪನಲ್ಲ. ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದ ಹಳೆಯ ಕೈ, ಗದಗಿನ ಕಡೆಯವರು. ನಮ್ಮದು ಕೆಳಗಿನ ಕ್ವಾರ್ಟರ್ಸು, ಅವರದು ಮೇಲಿನದು. ನಾನು ಅರಸೀಕೆರೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅವರ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ನನ್ನದು ಅವರಿಗೆ "ಸಿನಿಮಾದಾಗ ಮಾತಾಡಿದಂಗ" ಕೇಳುತ್ತಿತ್ತಂತೆ. ಅವರನ್ನು ಅವರ ಊರ ಕಡೆಯವರು ಕಾಕಾ ಅನ್ನುತ್ತಿದ್ದರು, ಗುಜರಾತಿಗಳೂ ಕಾಕಾ ಅನ್ನುತ್ತಿದ್ದರು, ಆದ್ದರಿಂದ ನಾನೂ ಅಂದೆ. ಅವರ ಹೆಂಡತಿ ಕಾಕೂ. ಕಾಕಾ ತೆಳ್ಳಗೆ ಎತ್ತರದ ಮನುಷ್ಯ. ಜೇಬಿನಲ್ಲಿ ಸದಾ ಒಂದು ಟೆಸ್ಟರು, ಕಿವಿಯ ಮೇಲೆ ಪೆನ್ಸಿಲ್ಲು. ಮಾತು ಕಮ್ಮಿ. ಆಡಿದ ಒಂದೆರಡು ಮಾತೂ ತೂಕ ಮಾಡಿ ಇಟ್ಟಂತೆ.

ತೊಂಬತ್ತರ ದಶಕದ ನಡುವಿನ ಮಾತು. ಮನೆಮನೆಗೆ ಕೇಬಲ್ ಬಂದಿತ್ತು. ದೂರದರ್ಶನದ ಆಂಟೆನಾ ಛಾವಣಿಯ ಮೇಲೆ ಇನ್ನೂ ನಿಂತೇ ಇತ್ತು. ಸ್ವಲ್ಪ ಅನುಕೂಲವಿದ್ದವರು ವಿಸಿಆರ್ ತಂದಿಟ್ಟುಕೊಂಡಿದ್ದರು, ಮಕ್ಕಳಿದ್ದವರ ಮನೆಗೆ ವೀಡಿಯೋ ಗೇಮು ಬಂದು ಕೂತಿತ್ತು. ಆದರೆ ಟೀವಿಯ ಬೆನ್ನಿಗೆ ಇದ್ದದ್ದು ಒಂದೇ ತೂತು! ಒಂದನ್ನು ಕಿತ್ತು ಇನ್ನೊಂದನ್ನು ಚುಚ್ಚಬೇಕು. ಗೋಡೆಗೂ ಟೀವಿಗೂ ನಡುವೆ ಕೈ ತೂರಿಸಿ, ಕತ್ತು ಸೊಟ್ಟ ಮಾಡಿ, ಕಾಣದ ತೂತನ್ನು ಹುಡುಕುವುದರಲ್ಲೇ ಅರ್ಧ ಕಾರ್ಯಕ್ರಮ ಮುಗಿದಿರುತ್ತಿತ್ತು. ವೈರಿನ ತುದಿ ಸವೆದು ಅಲ್ಲಾಡತೊಡಗಿದರೆ ಟೀವಿಯ ತಲೆಗೆ ಒಂದೇಟು. ನನ್ನ ಗಂಡನಂತೂ ಕ್ರಿಕೆಟ್ ದಿನ ಕೇಬಲ್ ಚುಚ್ಚಿ ಎದುರಿಗೆ ಕಾವಲು ಕೂರುತ್ತಿದ್ದರು, ನನಗೆ ಬೇಕಾದ ಸಂಗೀತದ ಕಾರ್ಯಕ್ರಮ ಆಂಟೆನಾದಲ್ಲಿ ಬಂದು ಹೋಗುತ್ತಿತ್ತು. ಎಷ್ಟು ಜಗಳ ಆಡಿದ್ದೇವೆ ಆ ಒಂದು ತೂತಿಗಾಗಿ! ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ದಿನ ಜಗಳದ ನಡುವೆಯೇ ಕಾಕಾ ಇಳಿದು ಬಂದರು. ಸಕ್ಕರೆ ಕೇಳಲಿಕ್ಕೆ ಬಂದವರ ಹಾಗೆ ಬಾಗಿಲಲ್ಲಿ ನಿಂತು, "ಸ್ವಲ್ಪ ಕೂಡ್ತೀನಿ, ನೀವ್ ನಿಮ್ಮ ಜಗಳಾ ನಡಸ್ರಿ" ಎಂದರು. ಅವರು ಹೇಳಿದ್ದು ತಮಾಷೆಗಲ್ಲ. ಅದು ಅವರ ಕೆಲಸದ ರೀತಿ. ಏನನ್ನಾದರೂ ಮಾಡುವ ಮೊದಲು ಆ ಮನೆಯವರು ಹೇಗೆ ಕೂರುತ್ತಾರೆ, ಯಾರು ಏಳುತ್ತಾರೆ, ಯಾರ ಕೈ ಎಲ್ಲಿಗೆ ಹೋಗುತ್ತದೆ ಎಂದು ಅರ್ಧ ಗಂಟೆ ನೋಡುವುದು. ನೋಡಿ ಎದ್ದು ಹೋದರು. ಆ ವಾರವೆಲ್ಲ ಮೇಲಿನಿಂದ ಈ ಬೆಸುಗೆಯ ವಾಸನೆ ಇಳಿದು ಬರುತ್ತಿತ್ತು.

ಭಾನುವಾರ ಒಂದು ಅಲ್ಯುಮಿನಿಯಂ ಊಟದ ಡಬ್ಬಿ ತಂದು ನಮ್ಮ ಟೀವಿಯ ಪಕ್ಕಕ್ಕೆ ಇಟ್ಟರು. ಡಬ್ಬಿಯ ಬೆನ್ನಿಗೆ ನಾಲ್ಕು ತೂತು, ಮುಂದಕ್ಕೆ ಒಂದು ನಾಬು. ಆಂಟೆನಾ, ಕೇಬಲ್ಲು, ಬೇಕಾದರೆ ಇನ್ನೆರಡು, ಎಲ್ಲವೂ ಡಬ್ಬಿಗೆ ಬರಬೇಕು, ಡಬ್ಬಿಯಿಂದ ಒಂದೇ ವೈರು ಟೀವಿಗೆ. ನಾಬನ್ನು ತಿರುಗಿಸಿದರೆ ಬೇಕಾದದ್ದು ಬರುತ್ತದೆ. ಬಿಳಿ ಕಾಗದದ ಪಟ್ಟಿಯ ಮೇಲೆ ಅಚ್ಚು ಒತ್ತಿದಂಥ ಅಕ್ಷರಗಳಲ್ಲಿ ಹೆಸರು ಬರೆದು ಅಂಟಿಸಿದ್ದರು. ನಮ್ಮ ಮನೆಯದಕ್ಕೆ ಕನ್ನಡದಲ್ಲಿ, ಪಕ್ಕದ ಗುಜರಾತಿ ಮನೆಯದಕ್ಕೆ ಗುಜರಾತಿಯಲ್ಲಿ. ಇಟ್ಟು ಹೊರಟುಬಿಡಲಿಲ್ಲ. ಮನೆಯ ಒಬ್ಬೊಬ್ಬರಿಂದಲೂ ತಮ್ಮೆದುರಿಗೆ ಐದೈದು ಸಲ ತಿರುಗಿಸುವ ಅಭ್ಯಾಸ ಮಾಡಿಸಿದರು. ಪಕ್ಕದ ಮನೆಯ ಅಜ್ಜಿ, ಬೆನ್ನು ಬಗ್ಗದವರು, ಕಾಲಿನ ಹೆಬ್ಬೆರಳಿನಿಂದ ತಿರುಗಿಸಿ ತೋರಿಸಿದರಂತೆ. ಕಾಕಾ ಡಬ್ಬಿಯನ್ನು ವಾಪಸು ಒಯ್ದು, ಅಜ್ಜಿಯ ಕಾಲಿಗೆ ಹೊಂದುವ ಹಾಗೆ ದೊಡ್ಡ ನಾಬು ಹಾಕಿ, ನೆಲಮಟ್ಟಕ್ಕೆ ಕೂರಿಸಿ ಬಂದರು. ಇಂಥ ಮನುಷ್ಯ ಅವರು. ಒಂದೇ ವರ್ಷದಲ್ಲಿ ನಮ್ಮ ಸಾಲಿನಲ್ಲಿ ಆ ಡಬ್ಬಿಯಿಲ್ಲದ ಮನೆ ಇರಲಿಲ್ಲ.

ಅವರ ಸ್ವಂತ ಮನೆಯ ಡಬ್ಬಿ ಮಾತ್ರ ಬೇರೆ. ಅದಕ್ಕೆ ಎರಡು ನಾಬು, ಒಂದರ ಕೆಳಗೊಂದು. ಮೇಲಿನದು ಟೀವಿಯಲ್ಲಿ ಏನು ಕಾಣಬೇಕು ಎಂಬುದಕ್ಕೆ. ಕೆಳಗಿನದು ವಿಸಿಆರಿನೊಳಗೆ ಏನು ರೆಕಾರ್ಡಾಗಬೇಕು ಎಂಬುದಕ್ಕೆ. ಹಾಗಾಗಿ ಕಾಕೂ ಕೇಬಲ್ಲಿನಲ್ಲಿ ಧಾರಾವಾಹಿ ನೋಡುತ್ತಿದ್ದಾಗಲೇ ಒಳಗೊಳಗೆ ಆಂಟೆನಾದಲ್ಲಿ ಬರುವ ಹಿಂದೂಸ್ತಾನಿ ಕಚೇರಿ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ಹಾಗೆ ರೆಕಾರ್ಡು ಹಾಕುವ ದಿನ ಕಾಕಾ ಕೆಳಗಿನ ನಾಬಿಗೆ ಒಂದು ಕೆಂಪು ಟ್ಯಾಗು ಕಟ್ಟುತ್ತಿದ್ದರು. ರಿಫೈನರಿಯ ಪದ್ಧತಿ ಅದು. ಅಲ್ಲಿ ಯಾವುದಾದರೂ ವಾಲ್ವು ಮುಚ್ಚಿ ಕೆಲಸಕ್ಕೆ ಇಳಿಯುವವರು ತಮ್ಮ ಹೆಸರು ಬರೆದ ಟ್ಯಾಗನ್ನು ಅದಕ್ಕೆ ಕಟ್ಟಬೇಕು. ಕಟ್ಟಿದವನೇ ಬಿಚ್ಚಬೇಕು, ಮ್ಯಾನೇಜರ್ ಬಂದರೂ ಮುಟ್ಟುವ ಹಾಗಿಲ್ಲ. ಟ್ಯಾಗು ತೂಗುತ್ತಿದೆ ಎಂದರೆ ಅದರ ಕೆಳಗಿನದು ಇಟ್ಟ ಹಾಗೇ ಇದೆ ಎಂದು ಅರ್ಥ, ಮತ್ತೆ ನೋಡಬೇಕಿಲ್ಲ. ಒಳಗೆ ಇಳಿದವನ ಪ್ರಾಣ ಆ ಒಂದು ಚೂರು ರಟ್ಟಿನ ಮೇಲೆ ನಿಂತಿರುತ್ತದೆ. ಕಾಕಾ ಟ್ಯಾಗಿನ ಈ ಕಟ್ಟುಪಾಡನ್ನು ನನಗೆ ಹೇಳಿದ್ದರು, ಒಂದು ಸಲವಲ್ಲ, ಹಲವು ಸಲ. ಆದ್ದರಿಂದ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಈಗ ನನ್ನ ಅಮ್ಮನ ವಿಷಯ ಹೇಳಬೇಕು. ಅಮ್ಮ ಹಾಡುಗಾರ್ತಿ. ಕಚೇರಿ ಮಾಡುವಂಥವಳಲ್ಲ, ಬೀಸುತ್ತಾ ಕುಟ್ಟುತ್ತಾ ತಾನೇ ಕಟ್ಟಿ ಹಾಡುವವಳು. ನಾನು ಗುಜರಾತಿಗೆ ಹೊರಟ ದಿನ ನನ್ನ ಮೇಲೂ ಒಂದು ಕಟ್ಟಿದಳು. 'ಕಟ್ಟಿದ ಬುತ್ತಿಯ ಬಿಸಿ ಆರೋಕ್ ಮುಂಚೆ ತಿರುಗಿ ಬಾ ಮಗಳೆ' ಎಂದು ಅದರ ಮೊದಲ ಸಾಲು. ನಾನು ಎರಡು ಹಗಲು ರೈಲಿನಲ್ಲಿ ಕೂತು ಬಂದವಳು, ಎಲ್ಲಿಯ ಬುತ್ತಿ, ಎಲ್ಲಿಯ ಬಿಸಿ! ಆ ನಂತರ ಅಮ್ಮನಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಹಾಡು ನನ್ನೊಬ್ಬಳ ಬಾಯಲ್ಲಿ ಉಳಿಯಿತು.

ಟೌನ್‌ಶಿಪ್ಪಿನ ನಾವು ಆರು ಜನ ಕನ್ನಡದ ಹೆಂಗಸರು ಗಣೇಶನ ಹಬ್ಬಕ್ಕೆ ಸೇರಿ ಹಾಡುತ್ತಿದ್ದೆವು. ಅದು ಹೇಗೋ ಬಾಯಿಂದ ಬಾಯಿಗೆ ಹೋಗಿ, ಅಹಮದಾಬಾದಿನ ಟೀವಿ ಸ್ಟುಡಿಯೋದಿಂದ ಕರೆ ಬಂತು. ಗುಜರಾತಿನಲ್ಲಿರುವ ಬೇರೆ ನಾಡಿನವರ ಹಾಡುಗಳ ಕಾರ್ಯಕ್ರಮವಂತೆ. ಆರು ಜನವೂ ಇಳಕಲ್ ಸೀರೆ ಉಟ್ಟು ಹೋಗಿ ಹಾಡಿ ಬಂದೆವು. ಐದು ಹಾಡು ಎಲ್ಲರದು, ಒಂದು ನನ್ನೊಬ್ಬಳದು. ಅಮ್ಮನ ಹಾಡು. ಶನಿವಾರ ಸಂಜೆ ಐದೂವರೆಗೆ ಪ್ರಸಾರ. ಅಲ್ಲೇ ಎಡವಟ್ಟು: ಅದು ಗುಜರಾತಿನಲ್ಲಿ ಮಾತ್ರ ಕಾಣುವಂಥದ್ದು, ಅರಸೀಕೆರೆಯಲ್ಲಲ್ಲ. ಅಮ್ಮ ನನ್ನ ಅಣ್ಣನ ಕೈಯಲ್ಲಿ ಕಾಗದ ಬರೆಸಿದಳು. "ಇಲ್ಲಿ ಬರಲ್ವಂತೆ. ಹೇಗಾದರೂ ಮಾಡಿ ನನಗೆ ತೋರಿಸು. ನನ್ನ ಹಾಡು ಇನ್ನೊಂದು ಸಲ ಕೇಳಬೇಕು." ಕೆಳಗೆ ಅಣ್ಣ ತನ್ನದೊಂದು ಸಾಲು ಸೇರಿಸಿದ್ದ: ಗಂಟಲಿನ ಗಂಟು ಮತ್ತೆ ಬಂದಿದೆ, ಬೇಗ ಬಾ.

ಕಾಗದ ಹಿಡಿದುಕೊಂಡು ನೇರ ಮೇಲಿನ ಮನೆಗೆ ಓಡಿದೆ. ಕಾಕಾ ಎರಡು ಸಲ ಓದಿದರು. ಮಡಿಸಿ ವಾಪಸು ಕೊಟ್ಟರು.

"ಅವ್ವ ನೋಡ್ತಾಳ, ತಂಗಿ. ಅದು ನನ್ನ ಜವಾಬ್ದಾರಿ."

ಹೊಸ ಕ್ಯಾಸೆಟ್ಟು ತಂದರು. ಎರಡು ದಿನ ಮೊದಲೇ ಪರೀಕ್ಷೆಗೆಂದು ವಾರ್ತೆಯನ್ನು ರೆಕಾರ್ಡು ಮಾಡಿ ನೋಡಿದರು. ಶನಿವಾರ ಮಧ್ಯಾಹ್ನವೇ ಕೆಳಗಿನ ನಾಬನ್ನು ಆಂಟೆನಾಕ್ಕೆ ಇಟ್ಟು ಟ್ಯಾಗು ಕಟ್ಟಿದರು.

ನನಗೆ ಮನೆಯಲ್ಲಿ ಕೂರಲಾಗದೆ ಐದು ಗಂಟೆಗೇ ಮೇಲೆ ಹೋದೆ. ಉಳಿದವರು ಇನ್ನೂ ಬಂದಿರಲಿಲ್ಲ. ಟೀವಿಯಲ್ಲಿ ಚಿತ್ರದ ತುಂಬ ಸುಣ್ಣ ಉದುರಿದ ಹಾಗೆ ಚುಕ್ಕೆ. ಗಾಳಿಗೆ ಆಂಟೆನಾ ತಿರುಗಿಕೊಂಡಿತ್ತು. ಕಾಕಾ ಛಾವಣಿ ಹತ್ತಿದ್ದರು, ಕಾಕೂ ಬಾಲ್ಕನಿಯಲ್ಲಿ ನಿಂತು "ಇನ್ನ ಸ್ವಲ್ಪ ಬಲಕ್ಕ! ಹಾಂ, ಈ ಕಡೆ!" ಎಂದು ಕೂಗುತ್ತಿದ್ದರು. ಕೋಣೆಯಲ್ಲಿ ನಾನೊಬ್ಬಳೇ. ಗಡಿಯಾರ ನೋಡುತ್ತೇನೆ, ಚುಕ್ಕೆ ನೋಡುತ್ತೇನೆ. ಕೈ ಸುಮ್ಮನಿರಬೇಕಲ್ಲ! ನಮ್ಮ ಮನೆಯ ಡಬ್ಬಿಗೆ ಇದ್ದದ್ದು ಒಂದೇ ನಾಬು, ಮೇಲಿನದನ್ನು ಮುಟ್ಟಿದರೆ ಚಿತ್ರವೇ ಹೋದೀತು ಎಂಬ ಭಯ. ಕೆಳಗಿನದು ಏತಕ್ಕೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ, ಚಿತ್ರ ತಿಳಿ ಮಾಡುವಂಥದ್ದೇನೋ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಟ್ಯಾಗಿನ ಕುಣಿಕೆ ಕಳಚಿದೆ. ನಾಬನ್ನು ಒಂದು ಗುರುತು ಆಚೆ ತಿರುಗಿಸಿದೆ. ಅದೇ ಹೊತ್ತಿಗೆ ಚಿತ್ರ ಕನ್ನಡಿಯ ಹಾಗೆ ತಿಳಿಯಾಯಿತು! ನನ್ನದೇ ಕೈಗುಣ ಎಂದು ಬೀಗಿದೆ. ಮೇಲೆ ಕಾಕಾ ಕಂಬ ತಿರುಗಿಸಿದ್ದರು ಎಂಬುದು ಈ ಮಂಡೆಗೆ ಹೊಳೆಯಲಿಲ್ಲ. ಟ್ಯಾಗನ್ನು ಮತ್ತೆ ತೂಗುಹಾಕಿ, ಒಳ್ಳೆಯ ಹುಡುಗಿಯ ಹಾಗೆ ಚಾಪೆಯ ಮೇಲೆ ಕೂತೆ.

ಜನ ಸೇರಿದರು. ಕಾಕಾ ಏದುಸಿರು ಬಿಡುತ್ತಾ ಇಳಿದು ಬಂದರು. ಐದೂವರೆಗೆ ಒಂದು ನಿಮಿಷ. ಡಬ್ಬಿಯ ಕಡೆ ನೋಡಿದರು, ಟ್ಯಾಗು ತೂಗುತ್ತಿತ್ತು. ಅದನ್ನು ನಂಬಿದರು. ವಿಸಿಆರಿನ ಗುಂಡಿ ಒತ್ತಿದರು.

ಕಾರ್ಯಕ್ರಮವೇನೋ ಚೆನ್ನಾಗಿಯೇ ಬಂತು. ನಮ್ಮನ್ನು ನಾವೇ ನೋಡಿಕೊಂಡು ನಕ್ಕಿದ್ದೇ ನಕ್ಕಿದ್ದು. ಅಮ್ಮನ ಹಾಡು ಬಂದಾಗ ಮಾತ್ರ ನಗು ನಿಂತಿತು. ಕಾಕೂ ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಕಾಕಾ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಹಾಕಿದರು, ಎಲ್ಲರೂ ಇನ್ನೊಮ್ಮೆ ನೋಡೋಣ ಎಂದು.

ಟೀವಿಯಲ್ಲಿ ಒಂದು ಸೀರೆ ಅಂಗಡಿ ಕಾಣಿಸಿಕೊಂಡಿತು.

ಕೇಬಲ್‌ನವನು ತನ್ನದೇ ಒಂದು ಚಾನೆಲ್ ಇಟ್ಟುಕೊಂಡು ದಿನವಿಡೀ ಊರಿನ ಅಂಗಡಿಗಳ ಜಾಹೀರಾತು ಬಿಡುತ್ತಿದ್ದ. ನಾನು ತಿರುಗಿಸಿದ ನಾಬು ವಿಸಿಆರಿಗೆ ಅದನ್ನೇ ಕುಡಿಸಿತ್ತು. ಅರ್ಧ ಗಂಟೆ ಪೂರ್ತಿ: ಬಾಂಧನಿ ಸೀರೆ, ಪಟೋಳಾ ಸೀರೆ, ನಡುವೆ ಒಂದು ಫರ್ಸಾಣದ, ಅಂದರೆ ಕುರುಕಲು ತಿಂಡಿಯ, ಅಂಗಡಿ, ಮತ್ತೆ ಸೀರೆ. ಪಕ್ಕದ ಮನೆಯ ಗುಜರಾತಿ ಹೆಂಗಸು "ಅರೇ ಕಾಕಾ, ಆ ಶುಂ ಥಯುಂ?" ಎಂದು ಬಾಯಿಗೆ ಸೆರಗು ಹಿಡಿದಳು. ಏನಾಯಿತು ಇದು ಎಂದು ಎಲ್ಲರೂ ಟೀವಿಯ ಕಡೆಯೇ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನೊಬ್ಬಳು ಕಾಕಾನ ಕೈಯನ್ನು ನೋಡುತ್ತಿದ್ದೆ. ಅವರು ಡಬ್ಬಿಯ ಹತ್ತಿರ ಬಗ್ಗಿದರು. ನಾಬು ಕೇಬಲ್ಲಿನ ಮೇಲಿತ್ತು. ಟ್ಯಾಗಿನ ಬರಹ ಒಳಮುಖವಾಗಿತ್ತು. ನಾನು ತಿರುವುಮುರುವು ಹಾಕಿದ್ದೆ. ಅವರು ಯಾವತ್ತೂ ಹಾಗೆ ಕಟ್ಟುವವರಲ್ಲ. ಎರಡು ಬೆರಳಿನಿಂದ ಅದನ್ನು ಮೆಲ್ಲಗೆ ಸರಿಮುಖ ಮಾಡಿದರು. ಆಮೇಲೆ ನೆಟ್ಟಗೆ ನಿಂತು ಎಲ್ಲರ ಕಡೆ ತಿರುಗಿದರು.

"ನಂದಽ ತಪ್ಪು. ನಾನಽ ಕೇಬಲ್ ಮ್ಯಾಲೆ ಇಟ್ಟು ಬಿಟ್ಟೀನಿ. ವಯಸ್ಸಾತು."

ನನ್ನ ಬಾಯಿ ತೆರೆಯಿತು. ದನಿ ಬರಲಿಲ್ಲ. ಅಮ್ಮನದು ಆಪರೇಷನ್ನಿಂದ ಹೋಗಿತ್ತು, ನನ್ನದು ಹೇಡಿತನದಿಂದ ಹೋಯಿತು. ಆರು ಜನರಲ್ಲಿ ಐವರ ಮುಖ ಸಪ್ಪೆಯಾಗಿತ್ತು, ನಾನು ಎಂದು ಹೇಳಿದ್ದರೆ ಅವರು ನನ್ನನ್ನು ಹರಿದು ತಿನ್ನುತ್ತಿರಲಿಲ್ಲ. ಬಹಳವೆಂದರೆ ಒಂದೆರಡು ಮಾತು ಅನ್ನುತ್ತಿದ್ದರು. ಅಷ್ಟಕ್ಕೆ ಹೆದರಿದೆ. ಅವರೆಲ್ಲ ನನ್ನನ್ನೇ ಸಮಾಧಾನ ಮಾಡಿದರು, ಪಾಪ, ಇವಳ ತಾಯಿಗಾಗಿ ಮಾಡಿದ್ದು ಎಂದು. ನಾನು ಸಮಾಧಾನ ಮಾಡಿಸಿಕೊಂಡೆ!

ಮರುದಿನದಿಂದ ಕಾಕಾನಿಗೆ ಹೊಸ ಹೆಸರು ಬಂತು. ಸೀರೆ ಅಂಗಡಿ ಕಾಕಾ. ಯಾರೂ ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ, ಟೌನ್‌ಶಿಪ್ಪಿನಲ್ಲಿ ಜನರಿಗೆ ನಗಲಿಕ್ಕೆ ಇರುವುದೇ ಕಮ್ಮಿ. ಪ್ಲಾಂಟಿನಲ್ಲೂ ಹಬ್ಬಿತಂತೆ. ಇಪ್ಪತ್ತೆಂಟು ವರ್ಷ ಒಂದು ವಾಲ್ವನ್ನೂ ತಪ್ಪಾಗಿ ಇಡದ ಮನುಷ್ಯನಿಗೆ, "ಕಾಕಾ, ಟ್ಯಾಗು ಕಟ್ಟಿದ್ದೀರಿ ಸರಿ, ಆದರೆ ಯಾವುದಕ್ಕೆ?" ಎಂದು ಕೇಳುವವರು ಹುಟ್ಟಿಕೊಂಡರು. ನನ್ನ ಗಂಡ ಊಟದ ಹೊತ್ತಿಗೆ ಅದನ್ನು ಹೇಳಿ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯ...

ಕಾಕಾ ನಕ್ಕು ಸುಮ್ಮನಿರುತ್ತಿದ್ದರು. ಆದರೆ ಕೂತಿರಲಿಲ್ಲ. ವಾರದ ರಜೆಯ ದಿನ ಬೆಳಗಿನ ರೈಲಿಗೆ ಅಹಮದಾಬಾದಿಗೆ ಹೋದರು, ಸ್ಟುಡಿಯೋದವರನ್ನು ಒಂದು ಪ್ರತಿ ಕೇಳಲಿಕ್ಕೆ. ಸಂಬಂಧಪಟ್ಟವರು ಸಿಗಲಿಲ್ಲ. ಮುಂದಿನ ವಾರ ಮತ್ತೆ ಹೋದರು. ಆ ಟೇಪಿನ ಮೇಲೆ ಆಗಲೇ ಬೇರೆ ಕಾರ್ಯಕ್ರಮ ತುಂಬಿಯಾಗಿತ್ತು, ಅಲ್ಲಿಯ ಪದ್ಧತಿಯೇ ಅದು. ಆಮೇಲೆ ಸೂರತ್ತಿನ ಕತಾರ್‌ಗಾಮಿನಲ್ಲಿದ್ದ ಒಬ್ಬ ಬ್ಯಾಂಕಿನವರಿಗೆ ಕಾಗದ ಹಾಕಿದರು. ಅಲ್ಲಿಯ ಕನ್ನಡದವರಲ್ಲಿ ಯಾರಾದರೂ ರೆಕಾರ್ಡು ಮಾಡಿಕೊಂಡಿದ್ದಾರೆಯೇ ವಿಚಾರಿಸಿ ಎಂದು. ಎಲ್ಲರೂ ನೋಡಿದ್ದರು, ಚೆನ್ನಾಗಿತ್ತು ಎಂದು ಬರೆದರು, ಇಟ್ಟುಕೊಂಡವರು ಯಾರೂ ಇರಲಿಲ್ಲ. ಪ್ರತಿ ಸಲವೂ ನನ್ನ ಬಾಗಿಲಿಗೆ ಬಂದು ವರದಿ ಒಪ್ಪಿಸುತ್ತಿದ್ದರು, ತಾವೇ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿಕೊಂಡು. ನಾನು "ಇರ್ಲಿ ಬಿಡಿ ಕಾಕಾ" ಅನ್ನುತ್ತಿದ್ದೆ. ದೊಡ್ಡ ಮನಸ್ಸಿನವಳು ನಾನು!

ಅಮ್ಮನನ್ನು ನೋಡಲು ನಾನು ಊರಿಗೆ ಹೊರಡುವುದಕ್ಕೆ ಹತ್ತು ದಿನ ಇತ್ತು. ಕಾಕಾ ಒಂದು ಪುಟ್ಟ ಕ್ಯಾಮೆರಾ ಹಿಡಿದು ಬಂದರು. ಯಾರೋ ಇಂಜಿನಿಯರು ವಿದೇಶದಿಂದ ತಂದದ್ದು, ಭಾನುವಾರದವರೆಗೆ ಎಂದು ಕೇಳಿ ತಂದಿದ್ದರು. ಅದರ ಕ್ಯಾಸೆಟ್ಟು ಅಂಗೈಯಷ್ಟು, ಅರಸೀಕೆರೆಯಲ್ಲಿ ಬಾಡಿಗೆಗೆ ಸಿಗುವ ವಿಸಿಆರಿಗೆ ಹೋಗದು. ಆದ್ದರಿಂದ ಕ್ಯಾಮೆರಾವನ್ನೇ ಡಬ್ಬಿಗೆ ಜೋಡಿಸಿ, ಡಬ್ಬಿಯಿಂದ ನೇರ ವಿಸಿಆರಿಗೆ ಇಳಿಸುವ ಯೋಜನೆ. ವೈರಿಗೆ ವೈರು ಹೊಂದಲಿಲ್ಲ. ಎರಡು ಸಂಜೆ ಕೂತು ಹೊಂದಿಸಿದರು. ನಾಬಿನ ಒಂದು ಗುರುತಿಗೆ 'ಆಟ' ಎಂದು ಬರೆದಿತ್ತು, ವೀಡಿಯೋ ಗೇಮಿಗಾಗಿ ಮಾಡಿದ ಜಾಗ ಅದು. ಅದರ ಮೇಲೆ ಹೊಸ ಪಟ್ಟಿ ಅಂಟಿಸಿದ್ದರು. 'ತಂಗಿ' ಎಂದು.

ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಅದೇ ಇಳಕಲ್ ಸೀರೆ ಉಟ್ಟು ಹೋದೆ. ಕಾಕೂ ಒಳಗೆ ಅಡುಗೆಯಲ್ಲಿದ್ದರು. ಟೀವಿಯಲ್ಲಿ ಆಗಲೇ ಖಾಲಿ ಕುರ್ಚಿಯೊಂದು ಕಾಣುತ್ತಿತ್ತು, ನನಗಾಗಿ ಇಟ್ಟದ್ದು. ಕಾಕಾ ಕೆಳಗಿನ ನಾಬನ್ನು ತಿರುಗಿಸಿ, ಸರಿಯಾಗಿ ಕೂತಿದೆಯೇ ಎಂದು ಮೂರು ಸಲ ನೋಡಿದರು. ಜೇಬಿನಿಂದ ಟ್ಯಾಗು ತೆಗೆದರು. ಅದರ ಮೇಲೆ ಹೆಸರು ಬರೆದಿರಲಿಲ್ಲ. ಪೆನ್ಸಿಲ್ಲನ್ನೂ ಅದನ್ನೂ ನನ್ನ ಕೈಗೆ ಕೊಟ್ಟರು.

"ಈ ಸಲ ನೀ ಕಟ್ಟು, ತಂಗಿ. ಕಟ್ಟಿದವರಽ ಬಿಚ್ಚಬೇಕು, ಗೊತ್ತದ ಅಲ್ಲ?"

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಇವರಿಗೆ ಗೊತ್ತು. ಮೊದಲ ದಿನದಿಂದಲೇ ಗೊತ್ತು. ಗೊತ್ತಿದ್ದೂ ಅಹಮದಾಬಾದಿಗೆ ಎರಡು ಸಲ ಹೋಗಿ ಬಂದಿದ್ದಾರೆ. ಹೆಸರು ಬರೆದೆ, ಕಟ್ಟಿದೆ. "ಕಾಕಾ, ಅವತ್ತು ನಾನು..." ಎಂದು ಶುರುಮಾಡಿದೆ. ಅವರು ಕ್ಯಾಮೆರಾದ ಹಿಂದೆ ಹೋಗಿ ನಿಂತಿದ್ದರು.

"ಏನರೆ ಹೇಳೂದಿದ್ರ ಅವ್ವಗ ಹೇಳು. ನನಗಲ್ಲ. ಹೂಂ, ಹಾಡು."

ಹಾಡಿದೆ. ಸ್ಟುಡಿಯೋದಲ್ಲಿ ಹಾಡಿದ್ದಕ್ಕಿಂತ ಕೆಟ್ಟದಾಗಿಯೇ ಹಾಡಿದೆ, ಎರಡು ಕಡೆ ಅಳು ಬಂದು ದನಿ ಒಡೆಯಿತು. ಇನ್ನೊಂದು ಸಲ ಹಾಡಲೇ ಎಂದು ಕೇಳಿದೆ. "ಬ್ಯಾಡ, ಇದಽ ಇರಲಿ" ಎಂದರು. ಅರಸೀಕೆರೆಯಲ್ಲಿ ಅಣ್ಣ ಬಾಡಿಗೆಗೆ ವಿಸಿಆರ್ ತಂದ. ಅಮ್ಮ ದಿಂಬಿಗೆ ಒರಗಿಕೊಂಡು ನೋಡಿದಳು. ತೊಡೆಯ ಮೇಲೆ ತಾಳ ಹಾಕುತ್ತಾ, ತುಟಿ ಅಲ್ಲಾಡಿಸುತ್ತಾ. ಬೆರಳೆತ್ತಿ ಇನ್ನೊಂದು ಸಲ ಎಂದಳು. ಮತ್ತೊಂದು ಸಲ ಎಂದಳು. ದನಿ ಒಡೆದ ಜಾಗ ಬಂದಾಗಲೆಲ್ಲ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಶ್ರಾವಣದಲ್ಲಿ ಅಮ್ಮ ಹೋದಳು. ಅವಳ ಹಾಡು ಅವಳಿಗೆ ತಲುಪಿತು. ತಲುಪಿಸಿದವರು ಕಾಕಾ.

ಅದರ ಮರುವರ್ಷ ಅವರಿಗೆ ನಿವೃತ್ತಿಯಾಯಿತು. ಬೀಳ್ಕೊಡುಗೆಯ ಸಭೆಯಲ್ಲಿ ಯಾರೋ ಭಾಷಣಕ್ಕೆ ನಿಂತು ಸೀರೆ ಅಂಗಡಿಯ ಕಥೆಯನ್ನೇ ಹೇಳಿದರು. ಸಭೆಯೆಲ್ಲ ನಕ್ಕಿತು. ನಾನು ಎರಡನೇ ಸಾಲಿನಲ್ಲಿದ್ದೆ. ಎದ್ದು ನಿಲ್ಲಬಹುದಿತ್ತು. ಕಾಕಾ ನನ್ನನ್ನು ನೋಡಿ, ಬೇಡ ಎಂಬಂತೆ ಸಣ್ಣಗೆ ತಲೆ ಅಲ್ಲಾಡಿಸಿದರು... ಅಥವಾ ಹಾಗೆಂದು ನಾನು ಅಂದುಕೊಂಡೆನೋ ಏನೋ. ಈಗ ಖಾತ್ರಿಯಿಲ್ಲ. ಗದಗಿಗೆ ಹೋದರು. ಯುಗಾದಿಗೊಂದು ಕಾಗದ, ಆಮೇಲೆ ಫೋನು, ಆಮೇಲೆ ಅದೂ ಕಮ್ಮಿ. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎರಡು ತಿಂಗಳ ನಂತರ.

ಮಿಕ್ಸಿ ಹಿಡಿದು ಮನೆಗೆ ಬಂದ ಆ ದಿನ ಸಂಜೆ, ತಡೆಯಲಾಗದೆ, ಹಳೆಯ ಪರಿಚಯದವರಿಂದ ನಂಬರು ಪಡೆದು ಕಾಕೂಗೆ ಫೋನು ಮಾಡಿದೆ. ಎಂಬತ್ತು ದಾಟಿದ್ದಾರೆ, ದನಿ ಮಾತ್ರ ಹಾಗೇ ಗಟ್ಟಿ. ನನ್ನ ಗುರುತು ಹಿಡಿದದ್ದೇ ಮಾತು ಹೊಳೆಯಂತೆ ಹರಿಯಿತು. ಟೌನ್‌ಶಿಪ್ಪು, ಹಬ್ಬ, ನಮ್ಮ ಹಾಡು, ಕಾಕಾನ ಡಬ್ಬಿಗಳು.

"ಹುಟ್ಟಿದಾಗಿಂದ ಒಂದಽ ಸಲ ಎಡವಿದ್ರು ನೋಡವಾ ನಿಮ್ಮ ಕಾಕಾ. ನಾ ಬಿಡಲಿಲ್ಲ ಅವರ್ನ! ಗ್ಯಾಸ್ ಬಂದ್ ಮಾಡೀನಿ ಅಂದ್ರ, 'ಸೀರಿ ಅಂಗಡಿ ಹಚ್ಚಿರೇನು ಮತ್ತ, ನೋಡ್ರಿ' ಅಂತಿದ್ದೆ. ಕಡೀಕ ದವಾಖಾನ್ಯಾಗ ಮಲಗಿದ್ರಲ್ಲ, 'ಗುಳಿಗಿ ತಗೊಂಡೀನಿ' ಅಂದ್ರು. ಆಗೂ ಅಂದೆ. ನಕ್ಕರು."

ಕಾಕೂ ತಾವೂ ನಗುತ್ತಿದ್ದರು. ನನ್ನಿಂದ ಇನ್ನು ಆಗಲಿಲ್ಲ.

"ಕಾಕೂ, ಅದು ಕಾಕಾ ಮಾಡಿದ್ದಲ್ಲ. ಟ್ಯಾಗ್ ತೆಗೆದು ನಾಬ್ ತಿರುಗಿಸಿದ್ದು ನಾನು. ಅವರಿಗೆ ಗೊತ್ತಿತ್ತು. ನನ್ನ ಹೆಸರು ಹೇಳಲಿಲ್ಲ."

ಆ ಕಡೆ ನಗು ನಿಂತಿತು.

"ನನಗೂ ಹೇಳಲಿಲ್ಲಲ್ಲವಾ ಅವರು..." ಎಂದರು ಕಾಕೂ. "ಈಗ್ಯಾಕ ಹೇಳ್ದಿ, ತಂಗಿ? ಹೇಳೂದಿದ್ರ ಅವರಿದ್ದಾಗ ಹೇಳಬೇಕಿತ್ತು. ಇಲ್ಲಾಂದ್ರ ಹೇಳಬಾರದ್ದಿತ್ತು. ನಾ ದವಾಖಾನ್ಯಾಗೂ ಅಂದೆನಲ್ಲ..."

ಫೋನು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ. ಅವರೂ ಇಡಲಿಲ್ಲ.